ಹಾಲುಗಂಬ ಮತ್ತು ಕಾರಂಜಿ

ಒಂದು ಅತ್ತಿ ಮರವನ್ನು ನಾನು ಕಡಿಸಲು ಹೊರಟಿದ್ದೆ. ಕೊಡಲಿ ಹಿಡಿದಲ್ಲ; ಕೊಡಲಿಯನ್ನು ನೋಡಿದರೇ ಅಂಗೈಯಲ್ಲಿ ಬೊಬ್ಬೆ ಏಳುವ ಪೈಕಿ ನಾನು. ಬರೀ ಬಾಯಿಂದ. ಅದೂ ಸ್ವಂತ ಬಾಯಲ್ಲ, ಇನ್ನೊಬ್ಬರಿಂದ ಕಡ ತಂದ ಬಾಯಿ. ಮರ ಉಳಿಸಲೆಂದೇ ಇದ್ದ ಸಮಿತಿಯಲ್ಲಿ ಕೂತು, ಉಳಿಸಬೇಕೆಂದೇ ಮಾತಿಗೆ ಶುರುಮಾಡಿ, ಕಡಿಯುವುದೇ ಸರಿ ಎಂದು ಮೂವರು ದೊಡ್ಡವರನ್ನು ಒಪ್ಪಿಸಿಬಿಟ್ಟೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಕ್ಷೇಮ. ನಾನು ಹೇಳದಿದ್ದರೆ ಕಾಫಿಪುಡಿ ಅಂಗಡಿ ಮಂಜಣ್ಣ ಹೇಳುತ್ತಾನೆ. ಅವನ ಪುಡಿಯಲ್ಲಿ ಚಿಕೋರಿ ಎಷ್ಟಿರುತ್ತದೋ ಅವನ ಮಾತಿನಲ್ಲೂ ಅಷ್ಟೇ ಇರುತ್ತದೆ.

ಇವತ್ತು ಬೆಳಿಗ್ಗೆ ನೀರೊಲೆಗೆ ಸೌದೆ ಹಾಕಲು ಹೋದಾಗ ಇದೆಲ್ಲ ನೆನಪಾಯಿತು. ನಮ್ಮ ಬಚ್ಚಲುಮನೆಯಲ್ಲಿ ಸೌದೆ ತುಂಬಿಡುವುದು ಒಂದು ಹಳೆಯ ಡಾಂಬರು ಡ್ರಮ್ಮಿನಲ್ಲಿ. ರಸ್ತೆ ಕೆಲಸ ಮುಗಿದ ಮೇಲೆ ಬಿಸಾಡಿದ ಡ್ರಮ್ಮನ್ನು ತಂದು, ತಳ ಒಡೆದು, ಮೈತುಂಬ ತೂತು ಕೊರೆದು, ಬೀದಿಬದಿಯ ಸಸಿಗೆ ಅಂಗಿ ತೊಡಿಸಿದ ಹಾಗೆ ತೊಡಿಸುತ್ತಿದ್ದರಲ್ಲ, ಅಂಥದ್ದು. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ 'ಉ.ವೃ.ಸ.ಸ.' ಈಗಲೂ ಕಾಣುತ್ತದೆ. ಉದ್ಯಾನ ಮತ್ತು ವೃಕ್ಷ ಸಲಹಾ ಸಮಿತಿ. ಅದರೊಳಗೆ ನನ್ನ ಪಾಲಿನ ಹೊಂಗೆ ಸಸಿ ಇತ್ತು. ನಾನು ಅದನ್ನು ದಿನಾ ಸಂಜೆ ಬೇರೆ ಬೇರೆಯವರ ದನಿಯಲ್ಲಿ ಮಾತಾಡಿಸಿದೆನೇ ಹೊರತು ನೀರು ಹಾಕುವುದನ್ನು ಮರೆತೆ. ಸಸಿ ಒಣಗಿತು. ಖಾಲಿ ಡ್ರಮ್ಮನ್ನು ಸಮಿತಿಯವರು ನನ್ನ ತಲೆಯ ಮೇಲೇ ಹೊರಿಸಿ ಮನೆಗೆ ಕಳಿಸಿದರು. ಮರ ಕಾಯಲು ಬಂದ ಡ್ರಮ್ಮು ಈಗ ಸೌದೆ ಕಾಯುತ್ತಿದೆ. ನಮ್ಮಮ್ಮ ಅದನ್ನು ಕಂಡಾಗಲೆಲ್ಲ, "ನಿನ್ ಥರಾನೇ ಕಣೋ ಇದೂವೆ, ಬಂದಿದ್ದೊಂದಕ್ಕೆ, ಮಾಡ್ತಿರೋದೊಂದು" ಎನ್ನುತ್ತಾಳೆ.

ಊರಿನ ಹೆಸರು ಹೇಳುವುದಿಲ್ಲ. ಕಡೂರಿನವರು ಇದು ತರೀಕೆರೆ ಎಂದುಕೊಳ್ಳಲಿ, ತರೀಕೆರೆಯವರು ಅಜ್ಜಂಪುರ ಎಂದುಕೊಳ್ಳಲಿ, ಅಜ್ಜಂಪುರದವರು ಹೇಗಿದ್ದರೂ ಕಡೂರಿನವರ ಮೇಲೇ ಅನುಮಾನ ಪಡುತ್ತಾರೆ. ರೈಲು ಕೂಗಿದರೆ ಮನೆಯೊಳಗೆ ಕೇಳುವ, ನಲ್ಲಿಯಲ್ಲಿ ನೀರು ಬಂದರೆ ಬೀದಿಯೆಲ್ಲ ಒಬ್ಬರನ್ನೊಬ್ಬರು ಕೂಗಿ ಹೇಳುವ ಊರು ಎಂದರೆ ಸಾಕು. ಅಲ್ಲೊಂದು ಪಾರ್ಕು. ಪಾರ್ಕು ಎಂದರೆ ಕಲ್ಲುಬೆಂಚುಗಳು, ಸಂಜೆ ವಾರ್ತೆ ಕೇಳಿಸುವ ರೇಡಿಯೋ ಮನೆ, ನಡುವೆ ಬಿರುಕು ಬಿಟ್ಟ ಒಂದು ಜಾರುಬಂಡೆ. ಆ ಜಾರುಬಂಡೆಯಲ್ಲಿ ಜಾರಿ ಚಡ್ಡಿ ಹರಿದುಕೊಳ್ಳದ ಗಂಡಸು ನಮ್ಮೂರಿನಲ್ಲಿ ಇಲ್ಲ. ಮತ್ತೆ, ಮೂಲೆಯಲ್ಲಿ, ಅರ್ಧ ಪಾರ್ಕಿಗೆ ನೆರಳು ಕೊಡುವ ಅತ್ತಿ ಮರ.

ಇಂಥ ಸಮಿತಿಗೆ ನನ್ನಂಥವನು ಹೇಗೆ ಸೇರಿದ ಎಂದು ಕೇಳುತ್ತೀರಿ. ಅದು ನನ್ನ ರೋಗದಿಂದ. ಯಾರ ದನಿ ಕೇಳಿದರೂ ಅರ್ಧ ಗಂಟೆಯೊಳಗೆ ಅದು ನನ್ನ ಗಂಟಲಿಗೆ ಇಳಿಯುತ್ತದೆ. ಚಿಕ್ಕವನಿದ್ದಾಗ ಬಸ್‌ಸ್ಟ್ಯಾಂಡಿನ ಗೋಡೆಯ ಹಿಂದೆ ನಿಂತು ಕಂಡಕ್ಟರನ ಹಾಗೆ "ಬೀರೂರ್, ಬೀರೂರ್, ಕಡೂರ್, ಕಡೂರ್, ಹತ್ತಿ ಹತ್ತಿ" ಎಂದು ಕೂಗಿದರೆ, ಇಲ್ಲದ ಬಸ್ಸಿಗೆ ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಹೆಡ್ಮಾಸ್ಟರ ಕೆಮ್ಮನ್ನು ಕಾರಿಡಾರಿನಲ್ಲಿ ಕೆಮ್ಮಿ ಮೂರು ತರಗತಿಗಳನ್ನು ಒಟ್ಟಿಗೆ ಸುಮ್ಮನಾಗಿಸಿದ್ದೇನೆ. ನಾಲ್ಕನೆಯ ತರಗತಿಯಲ್ಲಿ ಹೆಡ್ಮಾಸ್ಟರೇ ಇದ್ದರು, ಅದು ಬೇರೆ ಕತೆ. ನಮ್ಮಜ್ಜಿ ಒಂದು ದಿನ ರಾಗಿ ಕೇರುತ್ತಾ ಕೇಳಿದ್ದಳು: "ಎಲ್ಲಾರ್ ದನೀನೂ ತೋರ್ಸ್ತೀಯ, ನಿನ್ ದನಿ ಯಾವ್ದೋ ಮಗಾ, ಅದನ್ನ ಎಲ್ಲಿಟ್ಟಿದ್ದೀಯ?" ಆಗ ನಕ್ಕಿದ್ದೆ. ಊರಿನವರು ನನ್ನನ್ನು ಗಿಣಿ ಎಂದು ಕರೆಯುತ್ತಿದ್ದರು. ಈಗಲೂ ಹೆಸರು ಹಿಡಿದು ಕೂಗಿದರೆ ನಾನು ತಿರುಗಿ ನೋಡುವುದಿಲ್ಲ.

ಬಿ.ಎ. ಮುಗಿಸಿ, ಕೆಲಸಕ್ಕೆ ಹೆಸರು ನೋಂದಾಯಿಸಿ, ಕೆಲಸ ನನ್ನನ್ನು ಹುಡುಕಿಕೊಂಡು ಬರಲಿ ಎಂದು ಊರಿನಲ್ಲಿ ಕಾದುಕೊಂಡಿದ್ದ ಕಾಲ. ಗಣಪತಿ ಪೆಂಡಾಲಿನಲ್ಲಿ ಪುರಸಭೆಯ ಚೇರ್ಮನ್ನರ ಭಾಷಣವನ್ನು ಅನುಕರಿಸಿ ತೋರಿಸಿದೆ. ಅವರದು "ಈ ಸಂದರ್ಭದಲ್ಲಿ" ಎಂದು ಶುರುವಾಗಿ ಕೊನೆಯ ತನಕ ಸಂದರ್ಭಕ್ಕೆ ಬಂದು ಮುಟ್ಟದ ಭಾಷಣ. ಮುಂದಿನ ಸಾಲಿನಲ್ಲಿ ಕೂತಿದ್ದ ಚೇರ್ಮನ್ನರು ಹೊಟ್ಟೆ ಹಿಡಿದು ನಕ್ಕರು. ಒಂದು ವಾರಕ್ಕೆ ನನ್ನನ್ನು ಕರೆಸಿ, "ಯುವಕರ ಪ್ರತಿನಿಧಿ ಅಂತ ಸಮಿತಿಗೆ ಹಾಕಿದೀನಿ ಕಣಪ್ಪಾ. ಸಂಬಳ ಇಲ್ಲ, ಕಾಫಿ ಇರುತ್ತೆ. ಇನ್ಮೇಲೆ ನೀನೂ ನಮ್ಮವನೇ, ನಮ್ಮವರನ್ನ ನಾವು ಆಡ್ಕಬಾರದು" ಎಂದರು. ಆ ಮನುಷ್ಯ ನಾನು ತಿಳಿದದ್ದಕ್ಕಿಂತ ಜಾಣ.

ಸಮಿತಿಯ ಅಧ್ಯಕ್ಷರು ರಂಗಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ನನಗೂ ಕಲಿಸಿದವರು. ನಾನು ಬರೆದ ಆನೆಯನ್ನು ನೋಡಿ "ಹಂದಿಯ ದೃಷ್ಟಿಯಿಂದ ಚೆನ್ನಾಗಿದೆ" ಎಂದಿದ್ದರು. ಅವರ ಸ್ವಭಾವವೇ ಅದು: ಯಾವುದಕ್ಕೂ ಎರಡು ಕಡೆ ಇರುತ್ತದೆ, ಎರಡೂ ಕಡೆ ನೋಡಬೇಕು. ಎರಡನೆಯವನು ಮಂಜಣ್ಣ. ಅವನ ಅಭಿಪ್ರಾಯ ಏನೆಂದು ತಿಳಿಯಬೇಕಾದರೆ ಅವನಿಗಿಂತ ಮುಂಚೆ ಯಾರು ಮಾತಾಡಿದರು ಎಂದು ನೋಡಿದರಾಯಿತು. ಮೂರನೆಯವರು ನಂಜುಂಡಯ್ಯನವರು, ರೈಲ್ವೆ ಗಾರ್ಡ್ ಆಗಿದ್ದವರು. ನೌಕರಿ ಮುಗಿದರೂ ಹಸಿರು ಬಾವುಟ ಮುಗಿದಿರಲಿಲ್ಲ; ಕಂಕುಳಲ್ಲಿ ಸುತ್ತಿಟ್ಟುಕೊಂಡೇ ಬರುತ್ತಿದ್ದರು. ಒಪ್ಪಿಗೆ ಎಂದರೆ ಕೈ ಎತ್ತುವ ಬದಲು ಬಾವುಟ ಬಿಚ್ಚುತ್ತಿದ್ದರು. ನಾಲ್ಕನೆಯವನು ನಾನು.

ಪುರಸಭೆ ನಮಗೆಂದು ಕೊಟ್ಟ ಕೋಣೆಯಲ್ಲಿ ಪೊರಕೆ ಮತ್ತು ಫಿನಾಯಿಲ್ ಮೊದಲೇ ಸದಸ್ಯತ್ವ ಪಡೆದಿದ್ದರಿಂದ, ನಮ್ಮ ಸಭೆ ಭಾನುವಾರ ಬೆಳಿಗ್ಗೆ ಅತ್ತಿ ಮರದ ಕೆಳಗೇ ನಡೆಯುತ್ತಿತ್ತು. ಹೆಸರೇ ಹೇಳುವ ಹಾಗೆ ನಾವು ಸಲಹೆ ಕೊಡಬಹುದಿತ್ತು, ಅಷ್ಟೇ. ಸಲಹೆ ತೆಗೆದುಕೊಳ್ಳುವವರು ಬೇಕಿರಲಿಲ್ಲ. ಮೊದಲು ಸಸಿಗಳಿಗೆ ಬಿಂದಿಗೆಯಲ್ಲಿ ನೀರು, ಆಮೇಲೆ ಆಡು ದನ ಯಾವುದನ್ನು ತಿಂದವು ಎಂದು ಲೆಕ್ಕ, ಆಮೇಲೆ ಹರಟೆ. ಹತ್ತು ಗಂಟೆಗೆ ಪಕ್ಕದ ಮನೆಯಿಂದ ಮೇಷ್ಟ್ರ ಹೆಂಡತಿ ಸಾಕಮ್ಮನವರು ಕಾಫಿ ತರುತ್ತಿದ್ದರು. ಅವರನ್ನು ಇಡೀ ಬೀದಿ ಮೇಷ್ಟ್ರಮ್ಮ ಎಂದೇ ಕರೆಯುತ್ತಿತ್ತು. ನಿಜವಾದ ಸಭೆ ಶುರುವಾಗುತ್ತಿದ್ದದ್ದು ಆಗ.

ಮೇಷ್ಟ್ರು ಎರಡೂ ಕಡೆ ನೋಡುವ ಪರಿ ಹೇಗಿತ್ತೆಂದರೆ, ಒಂದು ಸಲ ಬಾದಾಮಿ ಸಸಿಯನ್ನು ಆಡೊಂದು ಬುಡದ ತನಕ ತಿಂದು ಹಾಕಿತು. ನಂಜುಂಡಯ್ಯನವರು ಆಡಿನ ಕಿವಿ ಹಿಡಿದು ಸಭೆಗೆ ಹಾಜರುಪಡಿಸಿದರು. ಹಿಂದಿನಿಂದ ಅದರ ಒಡತಿ ತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಡ್ರಮ್ಮಿನ ತೂತು ದೊಡ್ಡದಾಗಿ ಕೊರೆದೋರ್ ಯಾರು? ನನ್ ಆಡಾ?" ಎಂದಳು.

ಮೇಷ್ಟ್ರು ಎದ್ದುಹೋಗಿ ತೂತನ್ನು ನೋಡಿದರು. ಆಡಿನ ಮೂತಿಯನ್ನು ನೋಡಿದರು. ಮತ್ತೆ ತೂತನ್ನು ನೋಡಿದರು. "ಆಕೆ ಹೇಳೋದ್ರಲ್ಲೂ ನ್ಯಾಯ ಇದೆ ಕಣ್ರಯ್ಯ. ಆಡಿನ ಕಡೆಯಿಂದ ನೋಡಿದ್ರೆ ಇದು ಕಿಟಕಿ" ಎಂದರು. ಕೊನೆಗೆ ತಾಯಮ್ಮನಿಗೂ ಆಡಿಗೂ ಒಂದೊಂದು ಬಿಸ್ಕತ್ತು ಕೊಟ್ಟು ಕಳಿಸಿದೆವು. ಮುಂದಿನ ವಾರದಿಂದ ಆಡು ಸಭೆಗೆ ತಾನಾಗಿಯೇ ಬರತೊಡಗಿತು.

ಅತ್ತಿ ಮರದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಡೆ ಮದುವೆ ಚಪ್ಪರಕ್ಕೆ ಮೊದಲು ನೆಡುವುದು ಹಾಲುಗಂಬ. ಹಾಲು ಒಸರುವ ಮರದ ಕೊಂಬೆಯನ್ನು ಸೋದರಮಾವ ಕಡಿದು ತರಬೇಕು, ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಹಾಲೆರೆದು ನೆಡಬೇಕು. ಮದುವೆ ಮುಗಿದ ಮೇಲೆ ಮತ್ತೆ ಹಾಲೆರೆದು ಅದನ್ನು ಕಿತ್ತರೇ ಶಾಸ್ತ್ರ ಮುಗಿದ ಹಾಗೆ. ಮೇಷ್ಟ್ರ ಮದುವೆಯಲ್ಲಿ ಗಂಡಿನ ಮನೆಯ ಚಪ್ಪರ ಎದ್ದದ್ದು ಮನೆಯ ಪಕ್ಕದ ಬಯಲಿನಲ್ಲಿ. ನೆಟ್ಟದ್ದು ಅತ್ತಿ ಕೊಂಬೆ. ಮೇಷ್ಟ್ರ ತಂದೆ ಸೋಮಾರಿತನದಲ್ಲಿ ಹೆಸರು ಮಾಡಿದವರು. ಚಪ್ಪರ ಬಿಚ್ಚಿಸುವುದನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತಾ ಹೋದರು. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಕಂಬ ಕೀಳಲು ಹೋಗಿ ನೋಡಿದರೆ ಕಂಬದ ಗೆಣ್ಣಿನಲ್ಲಿ ಕೆಂಪು ಚಿಗುರು. ಚಿಗುರಿದ ಹಾಲುಗಂಬವನ್ನು ಕೀಳುವ ಧೈರ್ಯ ಯಾರಿಗಿದೆ? ಅಲ್ಲೇ ಬಿಟ್ಟರು. ಆಮೇಲೆ ಆ ಬಯಲು ಪಾರ್ಕಾಯಿತು, ಕಂಬ ಮರವಾಯಿತು, ಮದುವೆ ಗಂಡು ಸಮಿತಿಯ ಅಧ್ಯಕ್ಷರಾದರು. ಕಂಬ ಕೀಳುವ ಶಾಸ್ತ್ರ ಮಾತ್ರ ಉಳಿದೇಹೋಯಿತು.

ಮೇಷ್ಟ್ರಮ್ಮ ಪ್ರತಿವರ್ಷ ತಮ್ಮ ಮದುವೆಯ ತಿಂಗಳು ಬಂದಾಗ ಒಂದು ಲೋಟ ಹಾಲನ್ನು ಯಾರಿಗೂ ಹೇಳದೆ ಆ ಮರದ ಬುಡಕ್ಕೆ ಹಾಕಿ ಬರುತ್ತಿದ್ದರು. ಯಾರಿಗೂ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು, ಆ ಹೊತ್ತಿಗೆ ಸರಿಯಾಗಿ ಅವರು ಕಿಟಕಿಗೆ ಬೆನ್ನು ಹಾಕಿ ಪತ್ರಿಕೆ ಓದುತ್ತಿದ್ದರು.

ಹೀಗಿರುವಾಗ ಚೇರ್ಮನ್ನರು ಕೆಮ್ಮಣ್ಣುಗುಂಡಿಗೆ ಹೋಗಿಬಂದರು. ಜೊತೆಗೆ ಪುರಸಭೆಯ ಓವರ್ಸಿಯರ್ ಚಂದ್ರಪ್ಪನವರೂ ಹೋಗಿದ್ದರು. ಅಲ್ಲಿನ ತೋಟ, ಗುಲಾಬಿ, ಚಿಮ್ಮುವ ನೀರು ನೋಡಿ ಇಬ್ಬರಿಗೂ ತಲೆ ತಿರುಗಿತು. ಬೆಟ್ಟದ ಮೇಲಿನ ತಂಪನ್ನು ತರಲಾಗದಿದ್ದರೂ ಕಾರಂಜಿ ತರಬಹುದಲ್ಲ. ನಮ್ಮ ಪಾರ್ಕಿನಲ್ಲಿ ಕಾರಂಜಿ ಮಾಡುವುದು, ಅದಕ್ಕೆ ಅತ್ತಿ ಮರದ ಮೂಲೆಯೇ ಸರಿಯಾದ ಜಾಗ, ಮರ ತೆಗೆಯಬೇಕು, ಮುಂದಿನ ಭಾನುವಾರ ಸಮಿತಿಯ ಅಭಿಪ್ರಾಯ ಬೇಕು ಎಂದು ಹೇಳಿ ಕಳಿಸಿದರು. ನಾವು ನಮ್ಮ ನಮ್ಮಲ್ಲಿ ನಕ್ಕೆವು. ಬಿಂದಿಗೆಗೆ ಬಾರದ ನೀರು ಕಾರಂಜಿಗೆ ಎಲ್ಲಿಂದ ಬರುತ್ತದೆ?

ಆದರೆ ಮೇಷ್ಟ್ರು ನಗಲಿಲ್ಲ. ಶನಿವಾರ ಸಂಜೆ ಎಲ್ಲರನ್ನೂ ಮರದ ಕೆಳಗೆ ಸೇರಿಸಿದರು. "ನಾಳೆ ಓವರ್ಸಿಯರ್ ಬತ್ತಾನೆ. ಓದಿದೋನು, ಏನೇನೋ ಹೇಳ್ತಾನೆ. ನಾವು ಉತ್ತರ ತಯಾರ್ ಮಾಡ್ಕಂಡಿರ್ಬೇಕು. ಲೇ ಗಿಣಿ, ನೀನು ಓವರ್ಸಿಯರ್ ಆಗು. ಅವನು ಹೇಳಂಗೆ ಹೇಳು. ನಾವು ಮರದ ಕಡೆ ಮಾತಾಡ್ತೀವಿ" ಎಂದರು.

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಚಂದ್ರಪ್ಪನವರು ಅನುಕರಣೆಗೆಂದೇ ಹುಟ್ಟಿದ ಮನುಷ್ಯ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡುವುದು, ಪ್ರತಿಯೊಂದಕ್ಕೂ "ಟೆಕ್ನಿಕಲ್ಲಾಗಿ ನೋಡಿದ್ರೆ". ಟೀ ಆರಿದ್ದರೂ ಅವರಿಗೆ ಟೆಕ್ನಿಕಲ್ಲಾಗಿ ಆರಿರುತ್ತಿತ್ತು. ಒಂದು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ನಿಂತೆ.

"ಟೆಕ್ನಿಕಲ್ಲಾಗಿ ನೋಡಿದ್ರೆ," ಎಂದು ಶುರುಮಾಡಿದೆ, "ಇದು ಮರಾನೇ ಅಲ್ಲ. ಇದು ನೊಣದ ಕಾರ್ಖಾನೆ. ಒಂದ್ ಹಣ್ಣು ಬಿಚ್ಚಿ, ಒಳಗೆ ಏನಿದೆ?"

"ಹುಳ" ಎಂದ ಮಂಜಣ್ಣ, ನಗುತ್ತಾ.

"ಆ ಹುಳ ನಿಮ್ ಅಂಗಡೀಗ್ ಬರಲ್ವಾ? ಕಾಫಿಪುಡಿ ಮೇಲೆ ಕೂರಲ್ವಾ?"

ಮಂಜಣ್ಣ ನಗುವುದನ್ನು ನಿಲ್ಲಿಸಿದ. ನನಗೆ ಹುರುಪು ಬಂತು. ಬಾವಲಿ ತಂದೆ, ಅದರ ಹಿಕ್ಕೆ ತಂದೆ. ಹಣ್ಣಿನ ಮೇಲೆ ಕಾಲಿಟ್ಟು ಜಾರಿ ಬೀಳುವ ಗರ್ಭಿಣಿಯನ್ನು ತಂದು ನಿಲ್ಲಿಸಿದೆ. ನಂಜುಂಡಯ್ಯನವರ ಕಡೆ ತಿರುಗಿ, "ಸಾರ್, ಹಳಿ ಮೇಲೆ ಕೊಂಬೆ ಬಾಗಿದ್ರೆ ನೀವು ಗಾಡಿ ಬಿಡ್ತಿದ್ರಾ? ಇಲ್ಲಿ ರಸ್ತೆ ಮೇಲೆ ಬಾಗಿದೆ, ಕೆಳಗೆ ಶಾಲೆ ಮಕ್ಕಳು ಓಡಾಡ್ತಾವೆ" ಎಂದೆ. ಗಾರ್ಡ್ ತಲೆಯೆತ್ತಿ ಕೊಂಬೆಯನ್ನು ನೋಡಿದರು. ನಲವತ್ತು ಮಳೆಗಾಲದಲ್ಲಿ ಅಲುಗದ ಕೊಂಬೆ ಆ ಕ್ಷಣಕ್ಕೆ ಅವರ ಕಣ್ಣಿಗೆ ಅಲುಗಿದಂತೆ ಕಂಡಿರಬೇಕು; ಕೂತಲ್ಲಿಂದ ಸ್ವಲ್ಪ ಪಕ್ಕಕ್ಕೆ ಸರಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯ ದನಿ ಗಂಟಲಿಗೆ ಸಿಕ್ಕಾಗ ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ. ಮೇಷ್ಟ್ರನ್ನು ನೋಡಿ, ಚಂದ್ರಪ್ಪನವರು ಗಂಭೀರವಾದಾಗ ಮಾಡುವ ಹಾಗೆ ಕಡ್ಡಿಯನ್ನು ಕಿವಿಯಿಂದ ತೆಗೆದು ಹೇಳಿದೆ: "ಮೇಷ್ಟ್ರೇ, ನೀವು ಈ ಮರ ಉಳಿಸ್ಬೇಕು ಅಂತಿರೋದು ಊರಿಗೋಸ್ಕರಾನಾ, ನಿಮಗೋಸ್ಕರಾನಾ? ಇದು ಇನ್ಯಾರದೋ ಮನೆ ಮುಂದಿನ ಮರ ಆಗಿದ್ರೂ ಹಿಂಗೇ ಅಂತಿದ್ರಾ?"

ಮೇಷ್ಟ್ರ ಮುಖ ಬಾಡಿತು. ನಾನು ಅದನ್ನು ನೋಡಿದೆ. ನೋಡಿಯೂ, ಅಬ್ಬಾ ಎಷ್ಟು ಚೆನ್ನಾಗಿ ಬಂತು ಎಂದುಕೊಂಡೆ.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಪಾರ್ಕಿನ ಗೇಟಿಗೆ ಸೈಕಲ್ ಒರಗಿಸಿಕೊಂಡು ಸ್ವತಃ ಚಂದ್ರಪ್ಪನವರು ನಿಂತಿದ್ದರು. ಜಾಗ ಅಳೆಯಲು ಬಂದವರು, ಪೂರ್ತಿ ಕೇಳಿಸಿಕೊಂಡಿದ್ದರು. ಎರಡು ಸಲ ಗಂಟಲು ಸರಿಮಾಡಿ, "ಟೆಕ್ನಿಕಲ್ಲಾಗಿ ನೋಡಿದ್ರೆ ನಾನು ಇಷ್ಟೊಂದ್ ಯೋಚ್ನೆ ಮಾಡಿರ್ಲೇ ಇಲ್ಲ ಕಣಪ್ಪಾ. ಜಾಗ ಚೌಕವಾಗಿದೆ ಅಂತ ಅಷ್ಟೇ ಅಂದ್ಕಂಡಿದ್ದೆ" ಎಂದರು. ಆಮೇಲೆ ಮೇಷ್ಟ್ರಿಗೆ ಕೈಮುಗಿದು, "ಹಂಗಾದ್ರೆ ನಾಳೆ ಕೊಂಬೆ ಇಳಿಸೋಕೆ ಆಳುಗಳನ್ನ ಜೊತೇಲೇ ಕರ್ಕಂಡ್ ಬತ್ತೀನಿ" ಎಂದು ಸೈಕಲ್ ಹತ್ತಿದರು. ಯಾರೂ ಬೇಡ ಎನ್ನಲಿಲ್ಲ.

ಆಗ ನನಗೆ ಎಚ್ಚರವಾಯಿತು. ಹೋಗುತ್ತಿದ್ದ ಮಂಜಣ್ಣನನ್ನು ತಡೆದು, "ಮಂಜಣ್ಣ, ನಾನು ತಮಾಷೆಗೆ ಅಂದಿದ್ದು. ಮರ ಕಡಿಯೋದು ತಪ್ಪು. ಆ ನೆರಳು ಹೋದ್ರೆ ಪಾರ್ಕಲ್ಲಿ ಏನಿದೆ?" ಎಂದೆ.

ಮಂಜಣ್ಣ ತಲೆ ಓರೆ ಮಾಡಿ ಕೇಳಿಸಿಕೊಂಡ. "ಇದ್ಯಾರು? ಫಾರೆಸ್ಟ್ ಗಾರ್ಡಾ?"

"ನಾನೇ, ಮಂಜಣ್ಣ."

"ನೀನು ಅಷ್ಟೇನ್ ಚೆನ್ನಾಗ್ ಬರ್ತಿಲ್ಲ ಬಿಡು. ಓವರ್ಸಿಯರ್ರೇ ಚೆನ್ನಾಗ್ ಬತ್ತಾನೆ" ಎಂದು ಹೊರಟುಹೋದ.

ನಂಜುಂಡಯ್ಯನವರು ಇನ್ನೂ ಕೊಂಬೆಯನ್ನೇ ನೋಡುತ್ತಿದ್ದರು. "ಸಿಗ್ನಲ್ ಬಿದ್ಮೇಲೆ ಗಾಡಿ ನಿಲ್ಸೋಕಾಗಲ್ಲ ಕಣಯ್ಯ" ಎಂದರು. ಅಜ್ಜಿ ರಾಗಿ ಕೇರುತ್ತಾ ಕೇಳಿದ ಪ್ರಶ್ನೆ ಆಗ ನೆನಪಾಯಿತು. ಎಲ್ಲರ ದನಿಗೂ ಬೆಲೆ ಇದೆ, ನನ್ನದನ್ನು ಬಾಯಿಂದ ತೆಗೆದರೆ ಇದು ಯಾರದೆಂದು ಕೇಳುತ್ತಾರೆ.

ಕೊನೆಗೆ ಮೇಷ್ಟ್ರ ಹತ್ತಿರ ಹೋದೆ. ಅವರು ಮರಕ್ಕೆ ಒರಗಿ ನಿಂತಿದ್ದರು. "ಮೇಷ್ಟ್ರೇ, ಅದು ನನ್ನ ಮಾತಲ್ಲ" ಎಂದೆ.

"ಯಾರ ಮಾತಾದ್ರೇನೋ, ಮಾತು ಸರಿಯಾಗೇ ಇದೆ. ಬೇರೆ ಯಾವ ಮರ ಆಗಿದ್ರೂ ನಾನು ಅಡ್ಡ ಮಲಗ್ತಿದ್ದೆ. ಇದು ನನ್ನ ಮದುವೆ ಕಂಬ. ಹುದ್ದೇಲಿದ್ದು ನನ್ನದನ್ನ ನಾನೇ ಉಳಿಸ್ಕಂಡ್ರೆ, ಪಾರ್ಕನ್ನ ಹಿತ್ತಲು ಮಾಡ್ಕಂಡ ಅನ್ನಲ್ವಾ ಜನ? ನಾಳೆ ಮೊದಲು ಕೈ ಎತ್ತಬೇಕಾದೋನೇ ನಾನು."

ಹೀಗೆನ್ನುತ್ತಾ ಅವರು ಮರದ ತೊಗಟೆಯ ಒಂದು ಒಣ ಚಕ್ಕೆಯನ್ನು ಉಗುರ ತುದಿಯಿಂದ ಮೆಲ್ಲಗೆ ಎಬ್ಬಿಸಿ, ಜುಬ್ಬದ ಜೇಬಿಗೆ ಹಾಕಿಕೊಂಡರು.

"ಮೇಷ್ಟ್ರಮ್ಮಂಗೆ ಹೇಳಿದೀರಾ?" ಎಂದು ಕೇಳಿದೆ.

"ಹೇಳ್ತೀನಿ. ಸಮಯ ನೋಡಿ" ಎಂದರು. ಯಾವ ಇನ್ಸ್‌ಪೆಕ್ಟರಿಗೂ ಹೆದರದ ಮನುಷ್ಯ ಮನೆಯ ಕಡೆ ನೋಡದೆ ಕೆರೆಯ ಕಡೆ ನಡೆದುಹೋದರು.

ಸಮಯ ನೋಡಿದರೆ ಮರ ಇರುವುದಿಲ್ಲ. ನಾನೇ ಅವರ ಮನೆಗೆ ಹೋದೆ. ಮೇಷ್ಟ್ರಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಧೈರ್ಯ ಸಾಲದೆ, "ಟೆಕ್ನಿಕಲ್ಲಾಗಿ ನೋಡಿದ್ರೆ ಮೇಷ್ಟ್ರಮ್ಮ" ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. "ಲೇ ಗಿಣಿ, ಓವರ್ಸಿಯರ್ ಬಂದ್ರೆ ಅವನಿಗೆ ಕುರ್ಚಿ ಹಾಕ್ತೀನಿ. ನೀನು ಕೆಳಗೆ ಕೂತ್ಕ, ನಿನ್ ಬಾಯಲ್ಲಿ ಹೇಳು."

ಕೂತೆ, ಹೇಳಿದೆ. ನನ್ನ ದನಿ ನನಗೇ ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟುತ್ತಿತ್ತು. ಕಾರಂಜಿ, ನೊಣ, ಕೊಂಬೆ, ಕೊನೆಯಲ್ಲಿ ಮೇಷ್ಟ್ರಿಗೆ ನಾನು ಹಾಕಿದ ಪ್ರಶ್ನೆ, ಅವರು ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿದೆ. ಮೇಷ್ಟ್ರಮ್ಮನ ಕೈ ಸುಲಿಯುತ್ತಲೇ ಇತ್ತು.

"ಕೈ ಎತ್ತೋರಂತಾ ಅವರೂ?" ಎಂದು ಕೇಳಿದರು.

"ಎಲ್ಲರಿಗಿಂತ ಮೊದ್ಲಂತೆ."

"ನಂಗೆ ಯಾವಾಗ ಹೇಳೋರಂತೆ?"

"ಸಮಯ ನೋಡಿ ಅಂದ್ರು."

ಮೇಷ್ಟ್ರಮ್ಮ ಒಂದು ಹುಳುಕು ಕಾಯಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ ಅಂಗಳಕ್ಕೆ ಎಸೆದರು. "ಹೂಂ," ಎಂದರು. "ಈ ಕಾಳು ನಿಮ್ಮಮ್ಮಂಗೆ ಕೊಡು. ನಾಳೆ ನಮ್ಮನೇಲೂ ಅವರೆಕಾಳು ಸಾರೇ." ಅಷ್ಟೇ. ನಾನು ಅಂಗೈ ಗಾತ್ರದ ಪೊಟ್ಟಣ ಹಿಡಿದು, ಏನೂ ಆಗಲಿಲ್ಲ ಎಂದುಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಚಂದ್ರಪ್ಪನವರು ಕಿವಿಗೆ ಹೊಸ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದರು. ಗೇಟಿನ ಹತ್ತಿರ ಇಬ್ಬರು ಆಳುಗಳು ಹಗ್ಗ, ಕೊಡಲಿ ಇಟ್ಟುಕೊಂಡು ಬೀಡಿ ಸೇದುತ್ತಾ ಕೂತರು. ಓವರ್ಸಿಯರ್ ನಿನ್ನೆ ನಾನು ಆಡಿದ ಅಷ್ಟೂ ಮಾತನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು. ನೊಣ, ಬಾವಲಿ, ಗರ್ಭಿಣಿ, ಶಾಲೆ ಮಕ್ಕಳು. ಅವರು ನನ್ನನ್ನು ಅನುಕರಿಸುತ್ತಿದ್ದರು, ನಾನು ಅವರನ್ನು ಅನುಕರಿಸಿದ್ದನ್ನು. ನನ್ನಷ್ಟು ಚೆನ್ನಾಗಿ ಬರಲಿಲ್ಲ. ನಾನು ಎದ್ದು ನಿಂತು, "ಇದಕ್ಕೆ ನನ್ನ ವಿರೋಧ ಇದೆ" ಎಂದೆ. ಆಡು ಮಾತ್ರ ನನ್ನ ಕಡೆ ನೋಡಿತು.

"ಯಾರ್ಯಾರ ಒಪ್ಪಿಗೆ ಇದೆ?" ಎಂದು ಓವರ್ಸಿಯರ್ ಕೇಳಿದರು. ಹೇಳಿದ ಮಾತಿನಂತೆ ಮೇಷ್ಟ್ರು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ನಿಧಾನವಾಗಿ, ಭಾರದ ಬಿಂದಿಗೆ ಎತ್ತುವ ಹಾಗೆ. ಮಂಜಣ್ಣ ಮೇಷ್ಟ್ರನ್ನು ನೋಡಿ ಎತ್ತಿದ. ನಂಜುಂಡಯ್ಯನವರು ಬಾವುಟ ಬಿಚ್ಚಿದರು. ಗೇಟಿನಲ್ಲಿ ಆಳುಗಳು ಬೀಡಿ ಹೊಸಕಿ ಎದ್ದರು.

ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರಮ್ಮ ಬಂದರು. ಕೈಯಲ್ಲಿ ಕಾಫಿ ಇರಲಿಲ್ಲ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ, ಒಂದು ಚೊಂಬು ಹಾಲು. ಪೆಟ್ಟಿಗೆಯ ಮಡಿಕೆ ಗೆರೆ ಮಾಯದ ರೇಷ್ಮೆ ಸೀರೆ ಉಟ್ಟಿದ್ದರು. ಅದರ ಅಂಚು ಮಾಸಿದ್ದನ್ನು ನೋಡಿದರೆ ಅದು ಯಾವ ದಿನದ ಸೀರೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕಂಕುಳಲ್ಲಿ ಒಂದು ಬಟ್ಟೆಯ ಗಂಟಿತ್ತು. ತಟ್ಟೆಯನ್ನು ಮರದ ಬುಡದಲ್ಲಿಟ್ಟು ಓವರ್ಸಿಯರ್ ಕಡೆ ತಿರುಗಿ, "ಕಂಬ ತೆಗೆಯೋಕೆ ಬಂದೋರು ನೀವೇನಾ? ತೆಗೀರಿ. ಶಾಸ್ತ್ರಕ್ಕೆ ಬೇಕಾದ್ದೆಲ್ಲ ತಂದಿದೀನಿ. ಮೊದ್ಲು ಹಾಲು ಹುಯ್ರಿ" ಎಂದರು.

"ಯಾವ ಕಂಬ ತಾಯಿ? ಇದು ಮರ" ಎಂದರು ಚಂದ್ರಪ್ಪನವರು.

"ನಮ್ಮ ಮದುವೆ ಹಾಲುಗಂಬ ಕಣಪ್ಪಾ. ನಮ್ಮಾವ ಕೀಳಿಸ್ದೆ ಬಿಟ್ಟಿದ್ದು. ಇವರು ಹೇಳ್ಲಿಲ್ವಾ ನಿಂಗೆ?"

ಚಂದ್ರಪ್ಪನವರ ಊರು ಅಂತರಘಟ್ಟೆಯ ಆಚೆ, ನಮ್ಮ ಸೀಮೆಯೇ. ಹಾಲುಗಂಬ ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅವರು ಮೇಷ್ಟ್ರ ಮುಖ ನೋಡಿದರು, ಚೊಂಬು ನೋಡಿದರು, ಕಿವಿಯ ಪೆನ್ಸಿಲನ್ನು ತೆಗೆದು ಜೇಬಿಗಿಟ್ಟರು. ಆಳುಗಳಲ್ಲಿ ಹಿರಿಯವನು ಕೊಡಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ನಾನ್ ಮುಟ್ಟಲ್ಲ ಸಾಮಿ, ನಂಗೂ ಮಕ್ಕಳವೆ" ಎಂದ.

ಮೇಷ್ಟ್ರು ಮಾತ್ರ ಎತ್ತಿದ ಕೈಯನ್ನು ಇಳಿಸಲಿಲ್ಲ. ಧರ್ಮಸಂಕಟ ಎಂದರೆ ಏನೆಂದು ನಾನು ಆವತ್ತು ಒಂದು ತೋಳಿನ ರೂಪದಲ್ಲಿ ನೋಡಿದೆ. "ಸಾಕಾ," ಎಂದರು ಮೆಲ್ಲಗೆ, "ಇದು ಊರಿನ ವಿಷಯ ಕಣೇ. ನಮ್ಮದು ಅಂತ ನೋಡೋ ಹಾಗಿಲ್ಲ. ಎರಡೂ ಕಡೆ ನೋಡ್ಬೇಕು."

ಅದಕ್ಕೆ ಮೇಷ್ಟ್ರಮ್ಮ ಕೊಟ್ಟ ಉತ್ತರದ ಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರ ಕೈ ತಾನಾಗಿ ಕೆಳಗಿಳಿಯಿತು. ಅದನ್ನು ನೋಡಿ ಮಂಜಣ್ಣನದೂ ಇಳಿಯಿತು. ನಂಜುಂಡಯ್ಯನವರು ಹಸಿರು ಬಾವುಟ ಸುತ್ತಿ, ಕೆಂಪು ತರದೆ ಬಂದದ್ದಕ್ಕೆ ಪರಿತಪಿಸಿದರು. ಚಂದ್ರಪ್ಪನವರು ಟೆಕ್ನಿಕಲ್ಲಾಗಿ ರೇಡಿಯೋ ಮನೆಯ ಪಕ್ಕವೇ ಉತ್ತಮ ಎಂದು ಬರೆದುಕೊಂಡರು. ಕಾರಂಜಿ ಅಲ್ಲೇ ಆಯಿತು. ಉದ್ಘಾಟನೆಯ ದಿನ ಚಿಮ್ಮಿತು. ಆಮೇಲೆ ನಮ್ಮ ಹಾಗೆ ಅದೂ ಬರೀ ಸಲಹಾ ಕಾರಂಜಿಯಾಗಿ ಉಳಿಯಿತು. ಊರಿನಲ್ಲಿ ಎಲ್ಲರ ದನಿಯನ್ನೂ ಅನುಕರಿಸಿದ್ದೇನೆ. ಆ ಉತ್ತರವನ್ನು ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ಮೇಷ್ಟ್ರಮ್ಮನ ದನಿಯಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ. ಕಂಕುಳ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಅವರು ಹೇಳಿದ್ದು ಇಷ್ಟು:

"ನೋಡಿ, ಎರಡೂ ಕಡೆ ಚೆನ್ನಾಗ್ ನೋಡಿ. ಈ ಕಡೆ ಕಂಬ. ಅದು ನಿಂತಿರೋತನಕ ನಮ್ಮದು ಮದುವೆ ಮನೆ, ನಾನು ಮದುಮಗಳು, ಹೊತ್ತೊತ್ತಿಗೆ ನಿಮಗೆ ಬಡಿಸ್ತೀನಿ. ಆ ಕಡೆ ಕಾರಂಜಿ. ಕಂಬ ಕಿತ್ರೆ ಶಾಸ್ತ್ರ ಮುಗೀತು, ನಾನು ಹನ್ನೊಂದರ ಬಸ್ಸಿಗೆ ಲಿಂಗದಹಳ್ಳಿಗೆ, ನಮ್ಮಪ್ಪನ ಮನೆಗೆ ಹೊಂಟೆ. ಮಧ್ಯಾಹ್ನದ ಅವರೆಕಾಳು ಸಾರು ಆ ಕಾರಂಜಿನೇ ಕೇಳಿ ಹುಯ್ಸ್ಕಳಿ."